ಚೆಲ್ಲಿದ ರಾಗಿ ಸರಿ, ಕೆಸರುಗಾಲು, ಕಿಲಕಿಲ ನಗು: ಮಕ್ಕಳ ಚೇಷ್ಟೆಯ ಬಗೆಗಿನ ತಪ್ಪು ಕಲ್ಪನೆಗಳು

ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳು ನೆರೆಹೊರೆಯವೇ ಆದರೂ ಅವುಗಳ ಬದುಕು ಒಂದೇ ಬಗೆಯದಲ್ಲ; ಕಾವೇರಿಯ ನಡುಗಡ್ಡೆಯನ್ನು ಒಳಗೊಂಡ ಶ್ರೀರಂಗಪಟ್ಟಣ, ವಿಶ್ವೇಶ್ವರಯ್ಯ ನಾಲೆಯ ನೀರಿನಲ್ಲಿ ಕಬ್ಬು, ಭತ್ತ ಬೆಳೆಯುವ ಪಾಂಡವಪುರದ ಬಯಲು ಮತ್ತು ಹೇಮಾವತಿ ಹರಿಯುವ ಕೃಷ್ಣರಾಜಪೇಟೆ ಒಂದು ಕಡೆಗಾದರೆ, ಬಹುಪಾಲು ಮಳೆಯನ್ನೇ ನೆಚ್ಚಿ ರಾಗಿ, ಹುರುಳಿ ಬಿತ್ತುವ ನಾಗಮಂಗಲ ಇನ್ನೊಂದು ಕಡೆಗೆ ನಿಲ್ಲುತ್ತದೆ. ಆದರೆ ಐದು ವರ್ಷದೊಳಗಿನ ಮಕ್ಕಳ ಚೇಷ್ಟೆಯ ಮಾತು ಬಂದಾಗ ಈ ನಾಲ್ಕೂ ಕಡೆಯ ಜಗಲಿಗಳಲ್ಲಿ ಕೇಳಿಬರುವ ತೀರ್ಪುಗಳು ಬಹುಮಟ್ಟಿಗೆ ಒಂದೇ: ‘ಬೇಕೂಂತ್ಲೇ ಮಾಡ್ತದೆ’, ‘ಸದರ ಕೊಟ್ರೆ ತಲೆ ಮೇಲೆ ಕೂರ್ತದೆ’, ‘ನಮ್ಮ ಕಾಲದಲ್ಲಿ ಹಿಂಗೆಲ್ಲ ಇರ್ಲಿಲ್ಲ’. ಈ ಮಾತುಗಳ ಹಿಂದೆ ಮಗುವಿನ ಮೇಲಿನ ಕಾಳಜಿ ಇದೆ ಎಂಬುದು ನಿಸ್ಸಂದೇಹ. ಆದರೆ ಮಗುವಿನ ಮನಸ್ಸು ಬೆಳೆಯುವ ಬಗೆಯ ಕುರಿತು ಇಂದು ತಿಳಿದಿರುವ ಸಂಗತಿಗಳ ಎದುರು ಇವುಗಳಲ್ಲಿ ಹಲವು ನಿಲ್ಲುವುದಿಲ್ಲ.

ಮೊದಲಿಗೆ ‘ನಮ್ಮ ಕಾಲ’ದ ಮಾತು. ಹಿಂದಿನವರು ಮಕ್ಕಳನ್ನು ಶಿಸ್ತಿನಿಂದಲೇ ಬೆಳೆಸಿದರು, ಮಗುವಿನ ಗಲೀಜನ್ನು ಕಂಡು ನಗುವುದು ಈಚಿನ ಪೇಟೆಯವರ ರೂಢಿ ಎಂಬ ನಂಬಿಕೆಗೆ ಈ ನೆಲದ ಪರಂಪರೆಯೇ ವಿರುದ್ಧ ಸಾಕ್ಷಿ ಹೇಳುತ್ತದೆ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ವೈರಮುಡಿ ಧರಿಸಿ ಬೀದಿಗೆ ಬರುವ ಉತ್ಸವಮೂರ್ತಿ ಚೆಲುವಪಿಳ್ಳೆರಾಯನನ್ನು ಭಕ್ತರು ಮುದ್ದಿನ ಮಗುವೆಂದೇ ಭಾವಿಸುತ್ತಾರೆ. ದೆಹಲಿಯ ಸುಲ್ತಾನನ ಮಗಳು ಆ ಮೂರ್ತಿಯನ್ನು ಬೊಂಬೆಯಾಗಿ ಇಟ್ಟುಕೊಂಡು ಆಡುತ್ತಿದ್ದಳೆಂದೂ, ರಾಮಾನುಜಾಚಾರ್ಯರು ಅಕ್ಕರೆಯಿಂದ ಕರೆದಾಗ ಅದು ತಾನೇ ನಡೆದುಬಂದು ಅವರ ತೊಡೆಯೇರಿತೆಂದೂ ಅಲ್ಲಿನ ಐತಿಹ್ಯ ಹೇಳುತ್ತದೆ. ಬೆಣ್ಣೆ ಕದ್ದು ಮುಖಕ್ಕೆಲ್ಲ ಮೆತ್ತಿಕೊಂಡ, ಮಣ್ಣು ತಿಂದು ತಾಯಿಗೆ ಸಿಕ್ಕಿಬಿದ್ದ ಕೃಷ್ಣನನ್ನು ಪೂಜಿಸುವ ಸಮಾಜವು ಮಗುವಿನ ಕೊಳೆಯಲ್ಲಿ ಸೊಗಸು ಕಂಡಿರಲಿಲ್ಲ ಎನ್ನುವುದು ಕಷ್ಟ. ಪುರಾಣ, ಐತಿಹ್ಯಗಳನ್ನು ಬದಿಗಿಟ್ಟರೂ ಜನಪದ ಹೆಂಗಸರ ತ್ರಿಪದಿಗಳಿವೆ; ನಾಗಮಂಗಲ ತಾಲ್ಲೂಕಿನಲ್ಲಿ ಹುಟ್ಟಿ, ಮುಂದೆ ರಾಮನಗರದ ಬಳಿ ಜಾನಪದ ಲೋಕವನ್ನು ಕಟ್ಟಿದ ಎಚ್.ಎಲ್. ನಾಗೇಗೌಡರಂಥವರು ಬಾಳಿನುದ್ದಕ್ಕೂ ಕೂಡಿಟ್ಟ ಆ ಸಂಪತ್ತಿನಲ್ಲಿ, ಮಕ್ಕಳ ದಾಂಧಲೆ ಇಲ್ಲದ ಮನೆಯನ್ನು ಹೆಂಗಸರು ಭಾಗ್ಯವೆಂದು ಹಾಡುವುದಿಲ್ಲ. ಬೈಗುಳವೂ ಏಟೂ ಹಿಂದೆಯೂ ಇದ್ದವು, ನಗುವೂ ಇತ್ತು. ನಗುವನ್ನು ಮರೆತು ಏಟನ್ನು ಮಾತ್ರ ಪರಂಪರೆ ಎಂದು ನೆನಪಿಟ್ಟುಕೊಳ್ಳುವುದು ಹಿರಿಯರಿಗೆ ಮಾಡುವ ಅನ್ಯಾಯ.

ಎಳೆಗೂಸು ನಿದ್ದೆಯಲ್ಲಿ ನಕ್ಕಾಗ ದೇವರು ಅದನ್ನು ಆಡಿಸುತ್ತಿದ್ದಾನೆ ಎನ್ನುವುದು ಮನೆಮನೆಯ ಮಾತು. ಹುಟ್ಟಿದ ಮೊದಲ ವಾರಗಳ ಆ ನಗೆ, ಮುಚ್ಚಿದ ರೆಪ್ಪೆಯೊಳಗೆ ಕಣ್ಣಾಲಿಗಳು ಚಲಿಸುವ ಚುರುಕು ನಿದ್ರೆಯ ಹಂತದಲ್ಲಿ ಮಿದುಳಿನ ಸಹಜ ಚಟುವಟಿಕೆಯಿಂದ ಮೂಡುತ್ತದೆ. ಎದುರಿನ ಮುಖವನ್ನು ಕಂಡು ಮಗು ನಗುವುದು, ಎಂದರೆ ಸಾಮಾಜಿಕ ನಗೆ ಎಂದು ಕರೆಯಲಾಗುವುದು, ಸುಮಾರು ಆರರಿಂದ ಎಂಟು ವಾರಗಳಲ್ಲಿ ತೋರುತ್ತದೆ. ಗಟ್ಟಿಯಾಗಿ ಕೇಕೆ ಹಾಕುವುದು ಮೂರು–ನಾಲ್ಕು ತಿಂಗಳ ಹೊತ್ತಿಗೆ. ಈ ನಂಬಿಕೆಯಿಂದ ಯಾರಿಗೂ ಕೆಡುಕಿಲ್ಲವಾದ್ದರಿಂದ ಅದನ್ನು ಇಷ್ಟಕ್ಕೇ ಬಿಡಬಹುದು.

ಕೆಡುಕಿರುವುದು ಊಟದ ತಟ್ಟೆಯ ಸುತ್ತ ಬೆಳೆದ ನಂಬಿಕೆಯಲ್ಲಿ. ಮೊಳಕೆ ಕಟ್ಟಿದ ರಾಗಿಯನ್ನು ಒಣಗಿಸಿ ಬೀಸಿ ಕಾಯಿಸಿದ ಸರಿಯನ್ನು ಮಗು ಕೈಯಿಂದ ಕಲಸಿ, ಹೊಟ್ಟೆಗೆ ಬಳಿದುಕೊಂಡು, ನೆಲಕ್ಕೆ ತಟ್ಟಿ ನಕ್ಕಾಗ, ಅದು ಅನ್ನಕ್ಕೆ ಮಾಡುವ ಅವಮಾನವೆಂದೂ ಈಗಲೇ ತಿದ್ದದಿದ್ದರೆ ಕೆಟ್ಟ ಚಾಳಿಯಾಗುತ್ತದೆಂದೂ ಹಿರಿಯರು ಗದರುತ್ತಾರೆ. ಅನ್ನದ ಮೇಲಿನ ಈ ಗೌರವ ಹಗುರವಾದುದಲ್ಲ. ಮಳೆ ಕೈಕೊಟ್ಟ ವರ್ಷ ಒಂದೊಂದು ಸೇರು ರಾಗಿಯನ್ನೂ ಎಣಿಸಿದ ಸೀಮೆಯಲ್ಲಿ ಅದಕ್ಕೆ ಆಳವಾದ ಕಾರಣವಿದೆ. ಆದರೆ ಒಂದೂವರೆ ವರ್ಷದ ಮಗುವಿಗೆ ಮಳೆಯೂ ತಿಳಿಯದು, ಬರವೂ ತಿಳಿಯದು. ಅದು ತಿಳಿಯಲು ಹೊರಟಿರುವುದು ಈ ವಸ್ತು ಏನು ಎಂಬುದನ್ನು. ಗಟ್ಟಿ ವಸ್ತುವಿಗೆ ತನ್ನದೇ ಆಕಾರವಿದ್ದು ಅದನ್ನು ನೋಡಿಯೇ ಗುರುತಿಸಬಹುದು. ಹಾಲು, ಮೊಸರು, ಬಸ್ಸಾರು, ಪಾಯಸಗಳಿಗೆ ಪಾತ್ರೆಯ ಆಕಾರವಲ್ಲದೆ ಬೇರೆ ಆಕಾರವಿಲ್ಲವಾದ್ದರಿಂದ ಅವುಗಳನ್ನು ಮುಟ್ಟಿ, ಹಿಚುಕಿ, ಸುರಿದು, ನೆಕ್ಕಿಯೇ ಅರಿಯಬೇಕು. ಅಮೆರಿಕದ ಅಯೋವಾ ವಿಶ್ವವಿದ್ಯಾನಿಲಯದ ಮನೋವಿಜ್ಞಾನಿ ಲರಿಸ್ಸಾ ಸ್ಯಾಮ್ಯುಯೆಲ್ಸನ್ ಮತ್ತು ಸಂಗಡಿಗರು 16 ತಿಂಗಳ ಮಕ್ಕಳ ಮುಂದೆ ಇಂಥ 14 ಪದಾರ್ಥಗಳನ್ನಿಟ್ಟು ನಡೆಸಿದ, 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಊಟದ ಕುರ್ಚಿಯಲ್ಲಿ ಕುಳಿತು ಅವುಗಳೊಂದಿಗೆ ಹೆಚ್ಚು ಗಲೀಜು ಮಾಡಿದ ಮಕ್ಕಳೇ ಅವುಗಳ ಹೆಸರನ್ನು ಚೆನ್ನಾಗಿ ಕಲಿತವು ಎಂದು ಕಂಡುಬಂದಿತು.

ಮಂಡ್ಯ ಸೀಮೆಯ ಅಡುಗೆಮನೆಯಲ್ಲಿ ಈ ಪಾಠಕ್ಕೆ ಬೇಕಾದ ಸಾಮಗ್ರಿ ಬೇರೆಲ್ಲಿಗಿಂತ ಚೆನ್ನಾಗಿದೆ ಎನ್ನಬಹುದು. ನೀರಾಗಿ ಕುದಿಯುವ ಅಂಬಲಿ, ತೊಟ್ಟಿಕ್ಕುವ ಸರಿ, ದುಂಡಗೆ ನಿಲ್ಲುವ ಮುದ್ದೆ, ಈ ಮೂರೂ ರಾಗಿಯಿಂದಲೇ ಆದವು. ಬೆರಳೊತ್ತಿದರೆ ಗುರುತು ಉಳಿಸಿಕೊಳ್ಳುವ ಮುದ್ದೆಗೂ ಗುರುತನ್ನು ನುಂಗಿಬಿಡುವ ಸರಿಗೂ ಇರುವ ವ್ಯತ್ಯಾಸವನ್ನು ಮಗು ಕೈಯಾರೆ ಕಂಡುಕೊಂಡು ಕೇಕೆ ಹಾಕುವಾಗ ಅದಕ್ಕೆ ಆಗುತ್ತಿರುವುದು ಅರಿವಿನ ಸಂತೋಷವೇ. ಅನ್ನದ ಗೌರವವನ್ನೂ ಈ ಕಲಿಕೆಯನ್ನೂ ಒಟ್ಟಿಗೆ ಉಳಿಸಿಕೊಳ್ಳುವ ದಾರಿ ಸರಳವಾಗಿದೆ: ತಟ್ಟೆಗೆ ಎರಡೇ ಚಮಚ ಬಡಿಸುವುದು, ಮುಗಿದರೆ ಮತ್ತೆ ಬಡಿಸುವುದು. ನೆಲಕ್ಕೆ ಹೋಗುವ ರಾಗಿ ಆಗ ಒಂದು ಹಿಡಿಯೂ ಆಗದು.

‘ಬೇಕೂಂತ್ಲೇ ಮಾಡ್ತದೆ’ ಎಂಬುದರಲ್ಲಿ ಅರ್ಧ ಸತ್ಯವಿದೆ. ಎಂಟು ಹತ್ತು ತಿಂಗಳ ಮಗು ಚಮಚವನ್ನು ಬೀಳಿಸಿ, ಎತ್ತಿಕೊಟ್ಟರೆ ಮತ್ತೆ ಬೀಳಿಸಿ, ಹತ್ತನೆಯ ಸಲವೂ ಅಷ್ಟೇ ಉತ್ಸಾಹದಿಂದ ನಗುವುದು ಬೇಕೆಂದೇ ಹೌದು, ಆದರೆ ಪೀಡಿಸಬೇಕೆಂದಲ್ಲ. ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ (1896–1980) ತಮ್ಮ ಮಕ್ಕಳನ್ನೇ ದಿನಗಟ್ಟಲೆ ಗಮನಿಸಿ ವಿವರಿಸಿದಂತೆ, ಈ ವಯಸ್ಸಿನ ಮಗು ಒಂದು ಕ್ರಿಯೆಯನ್ನು ಮರುಕಳಿಸುತ್ತಾ, ವರ್ಷ ತುಂಬಿದ ಮೇಲೆ ಅದನ್ನೇ ಸ್ವಲ್ಪ ಸ್ವಲ್ಪ ಬದಲಿಸುತ್ತಾ ಪರಿಣಾಮವನ್ನು ಪರೀಕ್ಷಿಸುತ್ತದೆ: ಪ್ರತಿ ಸಲವೂ ಕೆಳಕ್ಕೇ ಬೀಳುವುದೇ, ಎಡಕ್ಕೆ ಎಸೆದರೆ ಸದ್ದು ಬೇರೆಯೇ, ಅಜ್ಜಿ ಈ ಸಲವೂ ಬಗ್ಗಿ ಎತ್ತಿಕೊಡುವಳೇ. ಕಣ್ಣಿಗೆ ಕಾಣದಾದ ವಸ್ತು ಇಲ್ಲವಾಗುವುದಿಲ್ಲ ಎಂಬ ಅರಿವು, ಅಂದರೆ ವಸ್ತುವಿನ ಶಾಶ್ವತತೆಯ ಪ್ರಜ್ಞೆ, ಮೂಡುವುದೂ ಈ ತಿಂಗಳುಗಳಲ್ಲೇ. ಸೆರಗಿನ ಮರೆಯಲ್ಲಿ ಮುಖ ಮುಚ್ಚಿ ಥಟ್ಟನೆ ತೋರಿಸುವ ಆಟಕ್ಕೆ ಮಗು ಮೈಮರೆತು ನಗುವುದು ಆ ಅರಿವು ನಿಜವಾಯಿತೆಂಬ ಸಮಾಧಾನದಿಂದ. ಇನ್ನು ಬೇಡವೆಂದದ್ದನ್ನು ಬಿಡುವ ಸಂಯಮವೋ, ಅದಕ್ಕೆ ಆಧಾರವಾದ ಮಿದುಳಿನ ಮುಂಭಾಗ ಪೂರ್ತಿ ಬಲಿಯುವುದು ಇಪ್ಪತ್ತು ದಾಟಿದ ಮೇಲೆ; ಎರಡು ವರ್ಷದ ಮಗುವಿನಲ್ಲಿ ಅದನ್ನು ಹುಡುಕಿ ಸಿಗಲಿಲ್ಲವೆಂದು ಹೊಡೆಯುವುದಕ್ಕೆ ಅರ್ಥವಿಲ್ಲ.

ನಕ್ಕರೆ ಸದರವಾಗುತ್ತದೆ ಎಂಬ ಭಯವನ್ನು ಹೆಚ್ಚು ಎಚ್ಚರದಿಂದ ಪರಿಶೀಲಿಸಬೇಕು. ಇಂಗ್ಲೆಂಡಿನ ಪೋರ್ಟ್ಸ್‌ಮತ್ ವಿಶ್ವವಿದ್ಯಾನಿಲಯದ ವಾಸುದೇವಿ ರೆಡ್ಡಿ ಅವರು ಹಸುಗೂಸುಗಳ ವಿನೋದವನ್ನು ಹಲವು ವರ್ಷ ಅಧ್ಯಯನ ಮಾಡಿ 2008ರ ತಮ್ಮ ಗ್ರಂಥದಲ್ಲಿ ತೋರಿಸಿದಂತೆ, ಮಾತು ಬಾರದ, ವರ್ಷ ತುಂಬದ ಮಗುವೂ ತನ್ನ ಒಂದು ವಿಚಿತ್ರ ಮುಖಭಾವಕ್ಕೋ ಸದ್ದಿಗೋ ಮನೆಯವರು ನಕ್ಕದ್ದನ್ನು ಗಮನಿಸಿ, ಅವರ ಮುಖವನ್ನೇ ನೋಡುತ್ತಾ ಅದನ್ನು ಮತ್ತೆ ಮಾಡುತ್ತದೆ. ಕೈಯಲ್ಲಿದ್ದುದನ್ನು ಕೊಡುವಂತೆ ಚಾಚಿ ಸರಕ್ಕನೆ ಹಿಂತೆಗೆದುಕೊಂಡು ನಗುತ್ತದೆ. ಎದುರಿನವರಿಗೂ ಒಂದು ಮನಸ್ಸಿದೆ, ಅದು ಏನನ್ನೋ ನಿರೀಕ್ಷಿಸುತ್ತಿದೆ ಎಂಬ ಸುಳಿವು ಇಲ್ಲದಿದ್ದರೆ ಇಂಥ ಕೀಟಲೆ ಸಾಧ್ಯವಿಲ್ಲ. ಇಂಥಲ್ಲಿ ಜೊತೆಗೂಡಿ ನಗುವುದರಿಂದ ಮಗು ಕೆಡುವುದಿಲ್ಲ, ಅದಕ್ಕೆ ಒಡನಾಟ ಕಲಿಸಿದಂತಾಗುತ್ತದೆ. ಆದರೆ ಇದೇ ಕಾರಣದಿಂದ, ಅಜ್ಜನ ಕೆನ್ನೆಗೆ ಹೊಡೆದದ್ದಕ್ಕೆ ಇಲ್ಲವೇ ಕೆಟ್ಟ ಬೈಗುಳ ಆಡಿದ್ದಕ್ಕೆ ಮನೆಯೆಲ್ಲ ನಕ್ಕರೆ ಮಗು ಅದನ್ನೂ ಮತ್ತೆ ಮಾಡುತ್ತದೆ. ಅಲ್ಲಿ ನಗದಿರುವುದು ದೊಡ್ಡವರ ಹೊಣೆ, ಮಾರನೆಯ ದಿನ ಅದೇ ಬೈಗುಳಕ್ಕೆ ಬಾರಿಸುವುದು ಅನ್ಯಾಯ.

ಅಸಂಬದ್ಧ ಮಾತನ್ನೂ ಹೀಗೆಯೇ ತಪ್ಪಾಗಿ ಓದಲಾಗುತ್ತದೆ. ಎಮ್ಮೆ ಕೊಕ್ಕೊಕ್ಕೋ ಎನ್ನುತ್ತದೆ, ಕೋಳಿ ಹಾಲು ಕೊಡುತ್ತದೆ ಎಂದು ಮೂರು ವರ್ಷದ ಮಗು ಹೇಳಿ ಬಿದ್ದು ಬಿದ್ದು ನಕ್ಕರೆ ಅದಕ್ಕೆ ಗೊತ್ತಿಲ್ಲವೆಂದು ತಿದ್ದಲು ಹೋಗುವವರಿದ್ದಾರೆ. ರಷ್ಯಾದ ಮಕ್ಕಳ ಕವಿ ಕೊರ್ನೇಯ್ ಚುಕೋವ್‌ಸ್ಕಿ, ಎರಡು ವರ್ಷ ತುಂಬದ ತಮ್ಮ ಮಗಳು ನಾಯಿಯನ್ನು ಬೆಕ್ಕಿನಂತೆ ಕೂಗಿಸಿ ನಕ್ಕದ್ದನ್ನು ಕಂಡು ಇದರ ಒಳಗುಟ್ಟನ್ನು ಗುರುತಿಸಿದರು: ಸರಿಯಾದುದು ಖಚಿತವಾಗಿ ಗೊತ್ತಿದ್ದಾಗ ಮಾತ್ರ ತಲೆಕೆಳಗು ಮಾಡಿದ್ದು ನಗೆ ತರಿಸುತ್ತದೆ. ಕೊಟ್ಟಿಗೆಯಲ್ಲೇ ಬೆಳೆದ ಮಗುವಿನ ಈ ಹಾಸ್ಯವು ಅದರ ಜ್ಞಾನದ ಪುರಾವೆ.

ಚೇಷ್ಟೆ ಗಂಡುಮಗುವಿಗೆ ಚೆಂದ, ಹೆಣ್ಣುಮಗು ತಗ್ಗಿ ಬಗ್ಗಿ ಇರಬೇಕು ಎಂಬ ನಂಬಿಕೆಗಂತೂ ಮಗುವಿನ ಬೆಳವಣಿಗೆಯ ಶಾಸ್ತ್ರದಲ್ಲಿ ಎಲ್ಲಿಯೂ ಆಧಾರವಿಲ್ಲ. ಸುರಿಯುವ, ಕಲಸುವ, ನಗಿಸುವ ಬಯಕೆ ಇಬ್ಬರಿಗೂ ಸಮ. 2023ರಲ್ಲಿ ಇದೇ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಭ್ರೂಣದ ಲಿಂಗ ಪತ್ತೆ ಮಾಡುವ ದಂಧೆ ಬಯಲಾದುದನ್ನು ನೆನೆದರೆ, ಹುಟ್ಟಿ ಬಂದ ಪ್ರತಿಯೊಂದು ಹೆಣ್ಣುಕೂಸಿನ ತುಂಟತನವನ್ನೂ ಊರು ಸಂಭ್ರಮಿಸಬೇಕಾದ ಅಗತ್ಯ ಇನ್ನೂ ಗಾಢವಾಗಿ ತೋರುತ್ತದೆ.

ಮಣ್ಣಿನ ವಿಷಯದಲ್ಲಿ ಎರಡು ಎದುರುಬದುರು ನಂಬಿಕೆಗಳಿವೆ. ಮಣ್ಣು ಮುಟ್ಟಿದರೆ ಕಾಯಿಲೆ ಎನ್ನುವವರೂ, ಮಣ್ಣಿನಲ್ಲಿ ಹೊರಳಿದ ಮಗುವೇ ಗಟ್ಟಿ ಎನ್ನುವವರೂ ಅರ್ಧ ದಾರಿಯಲ್ಲಿ ನಿಂತಿದ್ದಾರೆ. ಶುಚಿಯಾದ ಮಣ್ಣಿನಲ್ಲಿ ಆಡುವುದು ಒಳ್ಳೆಯದು. ಬಯಲು ಶೌಚದಿಂದ ಕೆಟ್ಟ ಮಣ್ಣಿನಲ್ಲಿ ಜಂತುಹುಳುವಿನ ಮೊಟ್ಟೆಗಳು ಇರುತ್ತವಾದ್ದರಿಂದ ಸಾಬೂನಿನ ಕೈತೊಳೆತ ಬೇಕು, ಮತ್ತು 2015ರಿಂದ ನಡೆಯುತ್ತಿರುವ ರಾಷ್ಟ್ರೀಯ ಜಂತುಹುಳು ನಿವಾರಣಾ ಕಾರ್ಯಕ್ರಮದಲ್ಲಿ ಅಂಗನವಾಡಿಗಳಲ್ಲಿ ಕೊಡುವ ಆಲ್ಬೆಂಡಜೋಲ್ ಮಾತ್ರೆಯನ್ನು ಒಂದು ವರ್ಷ ದಾಟಿದ ಮಕ್ಕಳಿಗೆ ತಪ್ಪಿಸಬಾರದು. ಎರಡು ವರ್ಷ ಕಳೆದ ಮೇಲೂ ಮಗು ತಿಂಗಳುಗಟ್ಟಲೆ ಮಣ್ಣು ತಿನ್ನುತ್ತಿದ್ದರೆ ಅದು ಚೇಷ್ಟೆಯಲ್ಲ, ಕಬ್ಬಿಣಾಂಶದ ಕೊರತೆಯ ಸೂಚನೆ ಇರಬಹುದು, ವೈದ್ಯರಿಗೆ ತೋರಿಸಬೇಕು. ಹಾಗೆಯೇ ನಾಲೆಯ ಏರಿ, ಆಲೆಮನೆಯ ಕುದಿಯುವ ಪಾಕದ ಕೊಪ್ಪರಿಗೆ, ಬಾಯಿಗೆ ಹೋಗಬಲ್ಲ ನಾಣ್ಯ, ಕಡಲೆಕಾಯಿ ಬೀಜ, ಗುಂಡಿಯಂಥ ಬ್ಯಾಟರಿ, ಇವುಗಳ ಹತ್ತಿರ ನಗೆಗೆ ಎಡೆಯಿಲ್ಲ. ಗಲೀಜು ತೊಳೆದರೆ ಹೋಗುತ್ತದೆ, ಅಪಾಯ ಹೋಗುವುದಿಲ್ಲ. ಬೈಗುಳವನ್ನು ಅಪಾಯಕ್ಕಾಗಿಯೇ ಉಳಿಸಿಟ್ಟರೆ ಮಗುವೂ ಅದನ್ನು ಕೇಳಿಸಿಕೊಳ್ಳುತ್ತದೆ.

ಕಚಗುಳಿಯಿಟ್ಟಾಗ ಮಗು ನಕ್ಕರೆ ಅದಕ್ಕೆ ಖುಷಿಯಾಗಿದೆ ಎಂಬುದೂ ಯಾವಾಗಲೂ ನಿಜವಲ್ಲ. ಆ ನಗು ಬಹುಮಟ್ಟಿಗೆ ಮೈಯ ಪ್ರತಿವರ್ತನೆ, ಮಗು ಕೊಸರಿಕೊಂಡರೆ ನಿಲ್ಲಿಸಬೇಕು. ಮೊಬೈಲಿನ ಕಾರ್ಟೂನು ಅದೇ ನಗೆಯನ್ನು ಗಲೀಜಿಲ್ಲದೆ ಕೊಡುತ್ತದೆ ಎಂಬುದು ಇನ್ನೂ ದೊಡ್ಡ ತಪ್ಪು. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿ ಎರಡು ವರ್ಷದೊಳಗೆ ಪರದೆ ಬೇಡವೆಂದೂ, ಎರಡರಿಂದ ನಾಲ್ಕು ವರ್ಷಕ್ಕೆ ದಿನಕ್ಕೆ ಒಂದು ಗಂಟೆ ಮೀರಬಾರದೆಂದೂ ಹೇಳುತ್ತದೆ. ಮಗು ಕೀಟಲೆ ಮಾಡಿದರೆ ಪರದೆ ಮುಖ ತಿರುಗಿಸಿ ನಗುವುದಿಲ್ಲ. ಅಳುವ, ಉಚ್ಚೆ ಹೊಯ್ದುಕೊಂಡ ಮಗುವನ್ನು ಚಿತ್ರೀಕರಿಸಿ ಊರಿಗೆಲ್ಲ ಹಂಚುವುದು ಮಗುವಿನ ಜೊತೆಗಿನ ನಗೆಯಲ್ಲ, ಮಗುವನ್ನು ಕಂಡು ನಗುವುದು. ಅದನ್ನು ನಿಲ್ಲಿಸಬೇಕು.

ಅಂಗನವಾಡಿಯಲ್ಲಿ ಬರೀ ಆಟ, ಪಾಠವಿಲ್ಲ ಎಂದು ಮೂರು ವರ್ಷದ ಮಗುವನ್ನು ಪಟ್ಟಣದ ನರ್ಸರಿಯ ವ್ಯಾನಿಗೆ ಹತ್ತಿಸುವವರು ತಿಳಿಯಬೇಕಾದದ್ದು ಏನೆಂದರೆ, ಆ ವಯಸ್ಸಿಗೆ ಆಟವೇ ಪಾಠ. ಕರ್ನಾಟಕದಲ್ಲಿ ಅಂಗನವಾಡಿಗಳು 1975ರಲ್ಲಿ ಮೊದಲು ತೆರೆದದ್ದು ಈ ಸೀಮೆಗೆ ದೂರವಲ್ಲದ ತಿ. ನರಸೀಪುರದಲ್ಲಿ, ಈಗ 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಆರಂಭದ ವರ್ಷಗಳ ಕಲಿಕೆಯನ್ನು ಆಟದ ಮೇಲೆಯೇ ಕಟ್ಟಬೇಕೆನ್ನುತ್ತದೆ.

ಕೊನೆಯದಾಗಿ, ಗಲೀಜು ಕಂಡು ರೇಗುವ ತಾಯಿಗೆ ತಾಳ್ಮೆ ಇಲ್ಲ ಎಂಬ ಆರೋಪ. ಅಪ್ಪನೂ ತಾತನೂ ನಕ್ಕು ಎದ್ದುಹೋದ ಮೇಲೆ ನೆಲ ಒರೆಸುವವಳು, ಬಟ್ಟೆ ಒಗೆಯುವವಳು, ನೀರಿನ ಅಭಾವದ ಊರಾದರೆ ಬಿಂದಿಗೆ ಹೊತ್ತು ತರುವವಳು ಅವಳೇ. ಕೋಳಿ ಕೂಗುವ ಮುನ್ನ ಎದ್ದು ಹಾಲು ಕರೆದು, ಗದ್ದೆಗೆ ಹೋಗಿ ಬಂದವಳಿಗೆ ಚೆಲ್ಲಿದ ಸರಿಯಲ್ಲಿ ವಿನೋದ ಕಾಣದಿದ್ದರೆ ಅದು ದಣಿವು. ಮಗುವಿನ ಚೇಷ್ಟೆಯಲ್ಲಿ ಮನೆಯವರೆಲ್ಲ ಸಂತೋಷ ಕಾಣಬೇಕೆಂದರೆ ಅದನ್ನು ಶುಚಿಗೊಳಿಸುವ ಕೆಲಸವೂ ಎಲ್ಲರದಾಗಬೇಕು. ನಕ್ಕ ಗಂಡಸರು ಒರೆಸುವ ಬಟ್ಟೆಯನ್ನೂ ಕೈಗೆತ್ತಿಕೊಳ್ಳಲಿ.