ಅಳತೆಯ ರವಿಕೆ

ಹೊಸ ರವಿಕೆ ಹೊಲಿಸಲು ಹೋದ ಹೆಂಗಸಿಗೆ ದರ್ಜಿಯು ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: ‘ಅಳತೆ ರವಿಕೆ ತಂದಿದ್ದೀರಾ?’ ಹಳೆಯದೊಂದನ್ನು ಕೊಟ್ಟು ಬಂದರೆ ಆಯಿತು. ಟೇಪು ಹಿಡಿಸಿಕೊಳ್ಳುವ ಸಂಕೋಚವಿಲ್ಲ. ಅಂಗಡಿಯ ಹುಡುಗನಿಗೆ ಅಂಕಿಗಳನ್ನು ಗಟ್ಟಿಯಾಗಿ ಕೂಗಿ ಬರೆಸುವ ಮುಜುಗರವೂ ಇಲ್ಲ. ನನ್ನ ಅಳತೆಯ ರವಿಕೆ 36ನೆಯ ವಯಸ್ಸಿನಲ್ಲಿ ಹೊಲಿಸಿದ್ದು. 49 ತುಂಬುವವರೆಗೂ ನಾನು ಅದನ್ನೇ ಕೊಡುತ್ತ ಬಂದೆ. ಎಂದರೆ, ಹದಿಮೂರು ವರ್ಷ ನಾನು ಕೂಲಿ ತೆತ್ತು ಹೊಲಿಸಿದ್ದೆಲ್ಲ ನನಗಿಂತ ಚಿಕ್ಕವಳಾದ ಇನ್ನಾರಿಗೋ ಎಂದಾಯಿತು.

ಇದು ಬಯಲಾದದ್ದು ತರಗತಿಯಲ್ಲಿ. ಹಲಗೆಯ ಮೇಲ್ತುದಿಯಲ್ಲಿ ಪಾಠದ ಹೆಸರು ಬರೆಯಲೆಂದು ಕೈಯೆತ್ತಿದೆ. ಕಂಕುಳ ಬಳಿ ಹೊಲಿಗೆ ಬಿಟ್ಟಿತು. ಸದ್ದು ಮುಂದಿನ ಬೆಂಚಿಗಾದರೂ ಕೇಳಿಸಿರಬೇಕು. ಮಕ್ಕಳು ಸಭ್ಯರು, ನಗಲಿಲ್ಲ. ಉಳಿದ ಅರ್ಧ ಗಂಟೆ ಸೆರಗನ್ನು ಹೊದ್ದು, ಹಲಗೆಯ ಕಡೆ ಹೋಗದೆ, ಕುರ್ಚಿಯಲ್ಲಿ ಕುಳಿತೇ ಪಾಠ ಮಾಡಿದೆ. ಇಪ್ಪತ್ತೈದು ವರ್ಷದ ಅಧ್ಯಾಪನದಲ್ಲಿ ಹಾಗೆ ಕುಳಿತದ್ದು ಅದೇ ಮೊದಲು. ಉಡುಪೊಂದು ನನ್ನ ಕೆಲಸದಿಂದ ನನ್ನನ್ನು ಕೆಳಗಿಳಿಸಿತ್ತು.

ಮನೆಗೆ ಬಂದು ತೂಕ ನೋಡಿಕೊಂಡರೆ ಬಹಳವೇನೂ ಏರಿರಲಿಲ್ಲ. ನಡುವಯಸ್ಸಿನ ಚಮತ್ಕಾರವೇ ಇದು. ಮುಟ್ಟು ನಿಲ್ಲುವ ಕಾಲಕ್ಕೆ ಈಸ್ಟ್ರೊಜೆನ್ ಇಳಿಯುತ್ತದೆ. ಅದುವರೆಗೆ ತೊಡೆ, ನಿತಂಬಗಳಲ್ಲಿ ಸೇರುತ್ತಿದ್ದ ಕೊಬ್ಬು ಹೊಟ್ಟೆಯ ಕಡೆಗೆ ಸರಿಯುತ್ತದೆ. ತಕ್ಕಡಿ ಮೊದಲಿನಷ್ಟೇ ತೋರಿಸಿದರೂ ಉಡುಪಿನ ಲೆಕ್ಕ ತಪ್ಪುತ್ತದೆ. ಇದರ ಮೇಲೆ ಹೊತ್ತಿಲ್ಲದ ಹೊತ್ತಿನಲ್ಲಿ ಮೈಯೆಲ್ಲ ಕಾವೇರಿ ಬೆವರುವುದು ಬೇರೆ.

ಸೀರೆ ಈ ಸಂಗತಿಗಳನ್ನು ನಮಗೆ ತಿಳಿಸುವುದಿಲ್ಲ. ಅದು ಉದಾರಿ, ನೆರಿಗೆಯೊಂದು ಕಡಮೆಯಾದರೆ ಯಾರು ಎಣಿಸುತ್ತಾರೆ? ಹಾಗೆಂದು ಎಲ್ಲ ಸೀರೆಯೂ ಎಲ್ಲ ಮೈಗೂ ಒಂದೇ ಅಲ್ಲ. ಗಂಜಿ ಹಾಕಿದ ಹತ್ತಿ ಸೀರೆ ಮುಂದೆ ನಿಗುರಿ ನಿಂತು ಇಲ್ಲದ ಗಾತ್ರವನ್ನೂ ತೋರಿಸುತ್ತದೆ. ಕಂಚಿಯ ಭಾರ ಸೀರೆ ಮದುವೆಯ ಒಂದು ಹೊತ್ತಿಗೆ ಸರಿ. 1912ರಲ್ಲಿ ಆರಂಭವಾದ ಮೈಸೂರಿನ ಕಾರ್ಖಾನೆಯ ಕ್ರೇಪ್ ರೇಷ್ಮೆಗಾದರೋ ನೂಲನ್ನು ಬಿಗಿಯಾಗಿ ಹುರಿಗೊಳಿಸಿರುತ್ತಾರೆ. ಬಟ್ಟೆ ಮೈಗುಂಟ ಮೆತ್ತಗೆ ಇಳಿಯುತ್ತದೆ. ನಿತ್ಯದ ದುಡಿಮೆಗೆ ನನ್ನ ಮನಸ್ಸು ಒಲಿದಿರುವುದು ಇಳಕಲ್ಲಿನ ಕಡೆಗೆ. ಅಲ್ಲಿನ ನೇಕಾರರು ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಬೇರೆಯಾಗಿ ಹೂಡಿ ಕೊಂಡಿ ಹಾಕಿ ಸೇರಿಸುತ್ತಾರೆ. ಒಡಲಿಗೆ ಹತ್ತಿ, ಸೆರಗಿಗೆ ರೇಷ್ಮೆ ಎಂದು ನೇಯ್ದ ಸೀರೆಯಲ್ಲಿ ಬೆವರು ತಾಗುವೆಡೆ ಹತ್ತಿ, ಕಣ್ಣಿಗೆ ಬೀಳುವೆಡೆ ರೇಷ್ಮೆ. ಎಂಥ ಲೋಕಜ್ಞಾನ!

ಒಳಲಂಗದ ಲಾಡಿಯ ಮಾತು ಮಾತ್ರ ವಿನೋದದ್ದಲ್ಲ. ಸಡಿಲವಾದರೆ ಸೀರೆ ಜಾರೀತೆಂದು ಬಿಗಿದು ಬಿಗಿದು ಸೊಂಟದ ಸುತ್ತ ಕಪ್ಪು ಗೆರೆ ಬಿದ್ದವರು ನಮ್ಮಲ್ಲಿ ಎಷ್ಟು ಜನ! ದಶಕಗಳ ಬಿಗಿತದಿಂದ ಅಲ್ಲಿ ಹುಣ್ಣಾಗಿ, ಅದು ಅರ್ಬುದಕ್ಕೆ ತಿರುಗಿದ ಇಬ್ಬರು ವೃದ್ಧೆಯರ ವಿಷಯವನ್ನು ವೈದ್ಯರು 2024ರಲ್ಲಿ ಪ್ರಕಟಿಸಿದರು. ಅಪರೂಪದ ಸಂಗತಿ, ನಿಜ. ಆದರೂ ಲಾಡಿಯ ಬದಲು ಅಗಲವಾದ ಪಟ್ಟಿ ಇಡಿಸುವುದಕ್ಕೆ ಎಷ್ಟು ಖರ್ಚು? ಮಾಯದ ಗಾಯವಿದ್ದರೆ ಲಜ್ಜೆ ಬಿಟ್ಟು ವೈದ್ಯರಿಗೆ ತೋರಿಸಬೇಕು.

ಮರುದಿನ ಆ ರವಿಕೆಯನ್ನು ಹಿಡಿದು ದರ್ಜಿಯ ಬಳಿಗೆ ಹೋದೆ. ‘ಅಳತೆ ರವಿಕೆ ತಂದಿದ್ದೀರಾ, ಅಮ್ಮಾ?’ ಎಂದರು.

‘ಇಲ್ಲ, ಟೇಪು ತೆಗೆಯಿರಿ’ ಎಂದೆ.

ಮುದುಕರು ಮಾತಾಡದೆ ಎದೆ, ಸೊಂಟ, ತೋಳು ಅಳೆದರು. ಅಂಕಿಗಳನ್ನು ಕೂಗದೆ ತಾವೇ ಬರೆದುಕೊಂಡರು. ಬಳಿಕ ಹರಿದ ರವಿಕೆಯನ್ನು ಒಳಮಗ್ಗಲಿಗೆ ತಿರುಗಿಸಿದರು. ಪಕ್ಕದಲ್ಲಿ ಸಾಲಾಗಿ ಮೂರು ಹೊಲಿಗೆ, ಅದರಾಚೆ ಬೆರಳಗಲ ಬಟ್ಟೆ. ‘ನಾನೇ ಬಿಟ್ಟಿದ್ದೆ, ಮುಂದೆ ಬೇಕಾಗುತ್ತೆ ಅಂತ. ನೀವು ಬಿಚ್ಚಿಸೋಕೆ ಬರಲೇ ಇಲ್ಲ’ ಎಂದರು. ಎರಡು ಸಾಲು ಬಿಚ್ಚಿ ಕಂಕುಳ ಸೀಳನ್ನು ಕೂಡಿಸಿ ಕೊಟ್ಟ ಆ ರವಿಕೆ ಈಗಲೂ ತೊಡುತ್ತೇನೆ. ಬಿಸಿಲು ಕಾಣದೆ ಒಳಗೇ ಇದ್ದ ಆ ಬಟ್ಟೆ ಬಣ್ಣಗೆಡದೆ ಉಳಿದಿದೆ; ಕೈಯೆತ್ತಿ ಬರೆಯುವಾಗ ಎರಡೂ ಪಕ್ಕದಲ್ಲಿ ಒಂದೊಂದು ಕಡುಹಸಿರು ಪಟ್ಟೆ ಕಾಣುತ್ತದೆ.