ನಿನ್ನೆಯ ಬಿಸಿಲು, ಇವತ್ತಿನ ಸ್ನಾನ

ಬೆಳಿಗ್ಗೆ ಆರು ಗಂಟೆಗೆ ಬೆಂಗಳೂರಿನ ಮನೆಗಳಲ್ಲಿ ಸ್ನಾನ ಶುರುವಾಗುವಾಗ ಸೂರ್ಯ ಇನ್ನೂ ಮೇಲೆ ಬಂದಿರುವುದಿಲ್ಲ. ತಾರಸಿ ತುಂಬ ವಿದ್ಯುತ್ ಪ್ಯಾನೆಲ್‌ಗಳಿದ್ದರೂ ಆ ಹೊತ್ತಿಗೆ ಅವು ಗೀಸರ್ ನಡೆಸಲಾರವು. ಅವುಗಳ ಪಕ್ಕದಲ್ಲಿರುವ ಸೋಲಾರ್ ವಾಟರ್ ಹೀಟರ್‌ನಿಂದ ಮಾತ್ರ ಹಬೆಯಾಡುವ ನೀರು ಇಳಿದು ಬರುತ್ತದೆ. ಹಿಂದಿನ ದಿನದ ಬಿಸಿಲನ್ನು ಅದು ರಾತ್ರಿಯಿಡೀ ಕಾಪಾಡಿಟ್ಟಿರುತ್ತದೆ.

ಎಷ್ಟು ಬಿಸಿಲನ್ನು? 200 ಲೀಟರ್ ನೀರನ್ನು 20 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು ಸುಮಾರು 9.3 ಯೂನಿಟ್ ಶಕ್ತಿ ಬೇಕು. ಮನೆಯ ಇನ್ವರ್ಟರ್‌ಗೆ ಜೋಡಿಸುವ 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿ ಪೂರ್ತಿ ಚಾರ್ಜ್ ಆದಾಗ ಹಿಡಿಯುವುದು 1.8 ಯೂನಿಟ್. ಅಂದರೆ ಐದಕ್ಕೂ ಹೆಚ್ಚು ಬ್ಯಾಟರಿಗಳಲ್ಲಿ ತುಂಬುವಷ್ಟು ಶಕ್ತಿ ತಾರಸಿಯ ಆ ಡ್ರಮ್ಮಿನಲ್ಲಿ ಕೂತಿರುತ್ತದೆ. ಅದಕ್ಕೆ ಆ್ಯಸಿಡ್ ಬೇಡ, ಲಿಥಿಯಂ ಬೇಡ. ನೀರು, ಸುತ್ತ ಒಂದು ದಪ್ಪ ಫೋಮ್ ಪದರ, ಇಷ್ಟು ಸಾಕು.

ಈ ಕೂಡಿಡುವ ಉಪಾಯ ಹೊಳೆಯಲು ಕಾಲ ಹಿಡಿಯಿತು. ಗಾಜು ಮುಚ್ಚಿದ ಪೆಟ್ಟಿಗೆಯೊಳಗೆ ಬಿಸಿಲು ಎಷ್ಟು ಕಾವೇರಬಲ್ಲದು ಎಂಬುದನ್ನು ಸ್ವಿಟ್ಜರ್ಲೆಂಡಿನ ಸೋಸ್ಯೂರ್ 1767ರಲ್ಲೇ ಪರೀಕ್ಷಿಸಿದ್ದ. 1891ರಲ್ಲಿ ಅಮೆರಿಕದ ಬಾಲ್ಟಿಮೋರ್‌ನ ಕ್ಲಾರೆನ್ಸ್ ಕೆಂಪ್ ಅಂಥ ಪೆಟ್ಟಿಗೆಯಲ್ಲಿ ನೀರಿನ ತೊಟ್ಟಿಯಿಟ್ಟು ಪೇಟೆಂಟ್ ಪಡೆದ. ಸಂಜೆಗೆ ನೀರು ಬಿಸಿ, ಬೆಳಗಾಗುವಷ್ಟರಲ್ಲಿ ತಣ್ಣಗೆ. 1909ರಲ್ಲಿ ಕ್ಯಾಲಿಫೋರ್ನಿಯಾದ ವಿಲಿಯಂ ಬೈಲಿ ಎರಡನ್ನೂ ಬೇರೆ ಮಾಡಿದ: ಕೊಳವೆಗಳು ಬಿಸಿಲಿಗೆ, ತೊಟ್ಟಿ ಅವುಗಳಿಗಿಂತ ಮೇಲೆ, ಹೊದಿಕೆಯೊಳಗೆ. ಅವನು ಅದಕ್ಕಿಟ್ಟ ಹೆಸರು ‘ಡೇ ಅಂಡ್ ನೈಟ್’. ನಮ್ಮ ತಾರಸಿಗಳಲ್ಲಿ ಇಂದಿಗೂ ಇರುವುದು ಮೂಲತಃ ಅವನ ಏರ್ಪಾಡೇ.

ತೊಟ್ಟಿ ಮೇಲಿರುವುದಕ್ಕೆ ಕಾರಣವಿದೆ. ಬಿಸಿಯಾದ ನೀರು ಹಿಗ್ಗಿ ಹಗುರಾಗಿ ಮೇಲೇರುತ್ತದೆ, ತಣ್ಣೀರು ಅದರ ಜಾಗಕ್ಕೆ ಇಳಿಯುತ್ತದೆ. ಪಂಪು ಬೇಡ, ಕರೆಂಟು ಬೇಡ. ಬಿಸಿಲು ಹೆಚ್ಚಿದಷ್ಟೂ ಈ ಸುತ್ತಾಟದ ವೇಗ ತಾನಾಗಿಯೇ ಹೆಚ್ಚುತ್ತದೆ. ಈಗ ಹೆಚ್ಚು ಬಳಕೆಯಲ್ಲಿರುವ ಗಾಜಿನ ಟ್ಯೂಬಿನ ಮಾದರಿಯಲ್ಲಂತೂ ಒಂದೇ ಟ್ಯೂಬಿನೊಳಗೆ ಎರಡೂ ಹರಿವು ನಡೆಯುತ್ತದೆ. ಮೇಲ್ಬದಿಯ ಗೋಡೆಗೆ ಒತ್ತಿಕೊಂಡು ಬಿಸಿನೀರು ಏರುತ್ತಿದ್ದರೆ ಕೆಳಬದಿಯಲ್ಲಿ ತಣ್ಣೀರು ಜಾರುತ್ತಿರುತ್ತದೆ.

ಈ ಟ್ಯೂಬನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಒಂದರೊಳಗೊಂದು ಎರಡು ಗಾಜಿನ ಕೊಳವೆಗಳು, ನಡುವೆ ನಿರ್ವಾತ. ಕಾಫಿ ಫ್ಲಾಸ್ಕ್ ಶಾಖವನ್ನು ಹೊರಗೆ ಬಿಡದಿರುವುದೂ ಇದೇ ತತ್ತ್ವದಿಂದ. ಒಳಗಾಜಿನ ಮೇಲಿರುವ ಕಪ್ಪು ಲೇಪ ಬಿಸಿಲನ್ನು ಬಹುಪಾಲು ಹೀರುತ್ತದೆ, ಶಾಖವನ್ನು ಮಾತ್ರ ತೀರಾ ಕಡಿಮೆ ಹೊರಸೂಸುತ್ತದೆ. ಹೀಗಾಗಿ ಒಳಗೆ ನೀರು ಕುದಿಯುವಷ್ಟು ಕಾದಿದ್ದರೂ ಹೊರಗಾಜನ್ನು ಮುಟ್ಟಿದರೆ ಕೈ ಸುಡುವುದಿಲ್ಲ. ಟ್ಯೂಬಿನ ಕೆಳತುದಿಯಲ್ಲಿ ಬೆಳ್ಳಿಯಂತೆ ಹೊಳೆಯುವುದು ಬೇರಿಯಂ ಲೋಹ. ನಿರ್ವಾತದೊಳಗೆ ಉಳಿದ ಚೂರುಪಾರು ಅನಿಲವನ್ನು ಹೀರಿಕೊಳ್ಳಲು ಅದನ್ನು ಅಲ್ಲಿ ಲೇಪಿಸಿರುತ್ತಾರೆ. ಗಾಜಿನಲ್ಲಿ ಸಣ್ಣ ಬಿರುಕು ಬಿಟ್ಟು ಗಾಳಿ ನುಗ್ಗಿದರೆ ಆ ಹೊಳಪು ಬಿಳಿಚಿಕೊಳ್ಳುತ್ತದೆ. ನೀರು ಸಾಕಷ್ಟು ಕಾಯುತ್ತಿಲ್ಲ ಎನಿಸಿದರೆ ಮೊದಲು ಅಲ್ಲಿ ನೋಡಿ. ಬಿಳಿಯಾದ ಟ್ಯೂಬನ್ನು ಬದಲಿಸಿದರಾಯಿತು.

ಬೋರ್‌ವೆಲ್ ನೀರಿರುವ ಕೋಲಾರ, ತುಮಕೂರಿನಂಥ ಕಡೆ ಈ ಮಾದರಿಗೆ ಇನ್ನೊಂದು ಅನುಕೂಲ. ಗಡಸು ನೀರಿನ ಸುಣ್ಣ ಹಳೆಯ ಮಾದರಿಯ ಸಣ್ಣ ತಾಮ್ರದ ಕೊಳವೆಗಳನ್ನು ಬೇಗ ಕಟ್ಟಿಬಿಡುತ್ತದೆ. ಅಗಲವಾದ ಗಾಜಿನ ಟ್ಯೂಬನ್ನು ಬಿಚ್ಚಿ ತೊಳೆಯಬಹುದು. ಮಲೆನಾಡಿನ ಜಡಿಮಳೆಯ ತಿಂಗಳುಗಳಲ್ಲಿ ಮಾತ್ರ ಯಾವ ಮಾದರಿಯನ್ನೂ ನಂಬಿ ಕೂರುವಂತಿಲ್ಲ, ಬಚ್ಚಲಿನ ಹಂಡೆಗೆ ಉರಿ ಹಾಕಲೇಬೇಕು.

2024ರಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ವಿದ್ಯುತ್ ಪ್ಯಾನೆಲ್‌ಗಳಿಗೆ 78,000 ರೂಪಾಯಿಯವರೆಗೆ ಸಹಾಯಧನ ಇದೆ. ಒಳ್ಳೆಯದೇ. ಆದರೆ ಪ್ಯಾನೆಲ್‌ಗೆ ಜಾಗ ಮಾಡಲು ಹೀಟರನ್ನು ಕಿತ್ತುಹಾಕುವ ಯೋಚನೆ ನನಗೆ ಸಂಕಟ ತರುತ್ತದೆ. ಕರ್ನಾಟಕದ ಒಳ್ಳೆಯ ಬಿಸಿಲಿನ ದಿನ ಒಂದು ಚದರ ಮೀಟರಿಗೆ ಐದು ಯೂನಿಟ್‌ನಷ್ಟು ಶಕ್ತಿ ಬೀಳುತ್ತದೆ. ಪ್ಯಾನೆಲ್ ಅದರಲ್ಲಿ ಸುಮಾರು ಐದನೇ ಒಂದು ಪಾಲನ್ನು ವಿದ್ಯುತ್ತಾಗಿಸಿದರೆ, ಹೀಟರ್ ಅರ್ಧದಷ್ಟನ್ನು ನೀರಿಗೆ ಸೇರಿಸುತ್ತದೆ. ಪ್ಯಾನೆಲ್ ಬಿಸಿಯಾದಂತೆ ಅದರ ಉತ್ಪಾದನೆ ಕುಗ್ಗುತ್ತದೆ ಎಂಬುದೂ ನೆನಪಿರಲಿ. ಫ್ಯಾನು, ಫ್ರಿಜ್ಜು, ದೀಪಗಳಿಗೆ ವಿದ್ಯುತ್ತೇ ಬೇಕು. ಬೇಕಾದದ್ದು ಬರೀ ಶಾಖವಾದರೆ ಬಿಸಿಲನ್ನು ವಿದ್ಯುತ್ತಾಗಿಸಿ ಮತ್ತೆ ಶಾಖವಾಗಿಸುವ ಸುತ್ತುದಾರಿ ಏಕೆ? ತಾರಸಿ ಚಿಕ್ಕದಿದ್ದರೆ ಮೊದಲ ಜಾಗ ಹೀಟರಿಗಿರಲಿ.

ಮನೆ ಕಟ್ಟಿಸುವವರು ಪ್ಲಂಬರಿಗೆ ಹೇಳಬೇಕಾದ ಮಾತೊಂದಿದೆ: ಬಿಸಿನೀರಿನ ಪೈಪು ಆದಷ್ಟು ಗಿಡ್ಡವಾಗಿರಲಿ, ಹೊದಿಕೆಯಿರಲಿ. ಮುಕ್ಕಾಲು ಇಂಚಿನ ಇಪ್ಪತ್ತು ಮೀಟರ್ ಪೈಪಿನಲ್ಲಿ ಸುಮಾರು ಆರು ಲೀಟರ್ ನೀರು ನಿಂತಿರುತ್ತದೆ. ಬಿಸಿನೀರು ಬರುವ ಮುನ್ನ ಅಷ್ಟೂ ತಣ್ಣಗೆ ಹರಿದುಹೋಗುತ್ತದೆ. ಬಕೆಟ್ ಹಿಡಿದು ಉಳಿಸಿದರೂ ಆ ಪೈಪಿನಲ್ಲಿ ಆರಿಹೋದ ಶಾಖ ವಾಪಸು ಸಿಗುವುದಿಲ್ಲ.

ಮೋಡದ ದಿನಗಳಿಗೆಂದು ಡ್ರಮ್ಮಿನಲ್ಲಿ ಕರೆಂಟಿನ ಕಾಯಿಲ್ ಇರುತ್ತದೆ. ಅದರ ಸ್ವಿಚ್ಚನ್ನು ಸದಾ ಹಾಕಿಟ್ಟರೆ, ಸ್ನಾನವಾಗುತ್ತಿದ್ದಂತೆ ಡ್ರಮ್ಮಿಗೆ ಬರುವ ತಣ್ಣೀರನ್ನು ಕಾಯಿಲ್ ಕಾಯಿಸಿಬಿಡುತ್ತದೆ, ಆಮೇಲೆ ಬರುವ ಬಿಸಿಲಿಗೆ ಕೆಲಸವೇ ಉಳಿಯುವುದಿಲ್ಲ. ಸಂಜೆ ನಲ್ಲಿ ತಿರುಗಿಸಿ ನೀರು ಮುಟ್ಟಿ ನೋಡಿ, ಸಾಲದು ಅನಿಸಿದ ದಿನ ಮಾತ್ರ ಹಾಕಿ.