ಓಬಿ ವ್ಯಾನಿನಲ್ಲಿ ಗಡಿಯಾರ ಕಾಯುವವರು

ಕ್ರೀಡಾಂಗಣದ ಹಿಂಬದಿಯಲ್ಲಿ, ಜನರೇಟರ್ ಪಕ್ಕದಲ್ಲಿ, ಪಂದ್ಯದ ನೇರಪ್ರಸಾರ ನಡೆಸುವ ಓಬಿ ವ್ಯಾನ್ ನಿಂತಿರುತ್ತದೆ. ಒಳಗೆ ಎಸಿಯ ಚಳಿ, ಗೋಡೆ ತುಂಬ ಪರದೆ. ನಾನು ಹೋದದ್ದು ಕ್ಯಾಮೆರಾ, ರೀಪ್ಲೇ ಯಂತ್ರಗಳನ್ನು ನೋಡೋಣವೆಂದು. ಗಮನವೆಲ್ಲ ಹೋದದ್ದು ಡೈರೆಕ್ಟರ್ ಪಕ್ಕದ ಕುರ್ಚಿಯ ಕಡೆ. ಅಲ್ಲಿದ್ದ ಹೆಣ್ಣುಮಗಳು ಆಟವನ್ನೇ ನೋಡುತ್ತಿರಲಿಲ್ಲ. ಎದುರಿಗೆ ಲ್ಯಾಪ್‌ಟಾಪ್, ಕೈಯಲ್ಲಿ ಪೆನ್ಸಿಲ್, ಕಿವಿಗೆ ಟಾಕ್‌ಬ್ಯಾಕ್. "ಬ್ಯಾಕ್ ಇನ್ ಟೆನ್... ನೈನ್... ಎಯ್ಟ್..." ಸೊನ್ನೆಗೆ ಬಂದದ್ದೇ ತಡ, ಜಾಹೀರಾತು ಮುಗಿದು ಮೈದಾನ ಕಾಣಿಸುತ್ತದೆ, ಬೌಲರ್ ಓಟ ಶುರುಮಾಡಿರುತ್ತಾನೆ.

ಕ್ಯಾಮೆರಾದ ಹುಡುಗರಿಗೆಲ್ಲ ಇವರು 'ಅಕ್ಕ'. ತುಮಕೂರು ಕಡೆಯವರು, ಓದಿದ್ದು ಬಿ.ಕಾಂ. ಸುದ್ದಿವಾಹಿನಿಯಲ್ಲಿ ರನ್‌ಡೌನ್, ಅಂದರೆ ಯಾವುದು ಯಾವಾಗ, ಎಷ್ಟು ಹೊತ್ತು ಎಂಬ ಸಾಲುಸಾಲಾದ ಪಟ್ಟಿ, ಬರೆಯುವುದನ್ನು ಕಲಿತು ಕ್ರೀಡಾ ಪ್ರಸಾರಕ್ಕೆ ಬಂದವರು. "ಹೆಸರು ಹಾಕಬೇಡಿ ಸರ್, ಇವತ್ತು ಈ ಕಂಪನಿ, ನಾಳೆ ಇನ್ನೊಂದು" ಎಂದರು. ಸಂಬಳ ತಿಂಗಳಿಗಲ್ಲ, ಪಂದ್ಯದ ದಿನಕ್ಕೆ.

ಅವರ ಲೆಕ್ಕ ಕೊನೆಯಿಂದ ಮೊದಲಿಗೆ ಬರುತ್ತದೆ. ಐಪಿಎಲ್‌ನ ಸಂಜೆಯ ಪಂದ್ಯವೆಂದರೆ 7ಕ್ಕೆ ಟಾಸ್, 7:30ಕ್ಕೆ ಮೊದಲ ಎಸೆತ. ಆ 7:30ನ್ನು ಮೊದಲು ಬರೆದುಕೊಂಡು ಅದಕ್ಕೆ ಮುಂಚಿನ ಜಾಹೀರಾತು, ತಂಡದ ಪಟ್ಟಿ, ನಾಯಕರ ಮಾತು, ಪಿಚ್ ರಿಪೋರ್ಟ್ ಎಂದು ಒಂದೊಂದನ್ನೇ ಕಳೆಯುತ್ತ ಹೋಗುತ್ತಾರೆ. ನಾಯಕರೊಬ್ಬರ ಮಾತು 40 ಸೆಕೆಂಡ್ ಉದ್ದವಾಯಿತೋ, ಬೇರೆ ಯಾವುದೋ ಸಾಲಿನಿಂದ ಆ 40 ಹೋಗಲೇಬೇಕು. "ಯಾರು ಮಾತು ಬೆಳೆಸ್ತಾರೆ ಅಂತ ಗೊತ್ತು ಸರ್. ಅವರ ಸಾಲಿಗೆ ಮೊದಲೇ ಮೂವತ್ತು ಸೆಕೆಂಡ್ ಜಾಸ್ತಿ ಬರೆದಿರ್ತೀನಿ. ಅವರಿಗೆ ಹೇಳಲ್ಲ ಅಷ್ಟೆ!"

ಮೊದಲು ಇದಕ್ಕೆಲ್ಲ ಕಾಗದ, ಸ್ಟಾಪ್‌ವಾಚ್. ಆಮೇಲೆ ಎಕ್ಸೆಲ್. ಈಗ ಇದಕ್ಕೆಂದೇ ತಂತ್ರಾಂಶಗಳಿವೆ. ಅವುಗಳ ಜೀವಾಳ ಎರಡು ಬಗೆಯ ಸಾಲುಗಳು. ಒಂದು ತನ್ನ ಹಿಂದಿನ ಸಾಲಿಗೆ ಕಟ್ಟಿಕೊಂಡದ್ದು. ಹಿಂದಿನದು ತಡವಾದರೆ ತಾನೂ ಸರಿಯುತ್ತದೆ. ಇನ್ನೊಂದು ಬೀಗ ಹಾಕಿದ್ದು. ಏನೇ ಆದರೂ ಕದಲದು. ಮದುವೆ ಮನೆಯಲ್ಲಿ ಊಟದ ಪಂಕ್ತಿ ಹಿಂದೆಮುಂದೆ ಆದೀತು, ಮುಹೂರ್ತ ಆಗದು. ಆನ್‌ಟೈಮ್ ಎಂಬ ಓಪನ್ ಸೋರ್ಸ್ ತಂತ್ರಾಂಶವಂತೂ ಉಚಿತ. ಒಂದು ಲ್ಯಾಪ್‌ಟಾಪಿನಲ್ಲಿ ನಡೆಸಿದರೆ ಉಳಿದವರು ಫೋನಿನ ಬ್ರೌಸರಿನಲ್ಲೇ ಗಡಿಯಾರ ನೋಡಬಹುದು.

ಸೆಕೆಂಡು ಎಣಿಸುವುದು ಕಂಪ್ಯೂಟರಿಗೆ ಸುಲಭವೆಂದು ನಾನೂ ತಿಳಿದಿದ್ದೆ. ಹಾಗಲ್ಲವಂತೆ. ಪ್ರತಿ ಸೆಕೆಂಡಿಗೊಮ್ಮೆ ಒಂದನ್ನು ಕಳೆಯುವ ಟೈಮರ್, ಯಂತ್ರಕ್ಕೆ ಬೇರೆ ಕೆಲಸ ಬಿದ್ದಾಗ ಚೂರುಚೂರೇ ಹಿಂದೆ ಬೀಳುತ್ತದೆ. ಮರೆಯಲ್ಲಿರುವ ಟ್ಯಾಬಿನ ಟೈಮರನ್ನು ಕ್ರೋಮ್ ಬ್ರೌಸರ್ 2021ರಿಂದೀಚೆಗೆ ನಿಮಿಷಕ್ಕೊಮ್ಮೆ ಮಾತ್ರ ಎಚ್ಚರಿಸುವುದೂ ಉಂಟು. ಹಾಗಾಗಿ ಒಳ್ಳೆಯ ತಂತ್ರಾಂಶ ಎಣಿಸುವುದೇ ಇಲ್ಲ. ಮುಗಿಯಬೇಕಾದ ಗಳಿಗೆಯನ್ನು ನೆನಪಿಟ್ಟುಕೊಂಡು, ಕೇಳಿದಾಗಲೆಲ್ಲ ಈಗಿನ ಸಮಯವನ್ನು ಅದರಿಂದ ಕಳೆದು ಹೇಳುತ್ತದೆ.

ಮಧ್ಯರಾತ್ರಿಯದು ಇನ್ನೊಂದು ತಕರಾರು. 2023ರ ಐಪಿಎಲ್ ಫೈನಲ್ ಮೇ 28ಕ್ಕೆ ನಿಗದಿಯಾಗಿತ್ತು. ಅಹಮದಾಬಾದಿನ ಮಳೆಯಿಂದ 29ಕ್ಕೆ ಹೋಯಿತು. ಮುಗಿದದ್ದು 30ರ ನಸುಕಿನಲ್ಲಿ. 23:50ರ ನಂತರ 00:10 ಬಂದರೆ, ಕಾರ್ಯಕ್ರಮ ಇಪ್ಪತ್ಮೂರು ಗಂಟೆ ನಲವತ್ತು ನಿಮಿಷ ಬೇಗ ಮುಗಿದಿದೆ ಎಂದು ದಡ್ಡ ತಂತ್ರಾಂಶ ಲೆಕ್ಕ ಕೊಟ್ಟೀತು. ಅದಕ್ಕೇ ಕೆಲವು ಪ್ರಸಾರಕರು 24:10, 25:30 ಎಂದೇ ಬರೆಯುತ್ತಾರೆ. ಅಕ್ಕನ ಹಾಳೆಯಲ್ಲೂ ಹಾಗೆಯೇ ಇತ್ತು.

ಕಬಡ್ಡಿ ಇವರಿಗೆ ಇಷ್ಟ. 30 ಸೆಕೆಂಡಿನ ರೇಡ್, 20 ನಿಮಿಷದ ಅವಧಿ, ಆಟದೊಳಗೇ ಗಡಿಯಾರವಿದೆ. ಕ್ರಿಕೆಟ್ ಹಾಗಲ್ಲ. 2024ರ ಜೂನ್‌ನಿಂದ ಅಂತಾರಾಷ್ಟ್ರೀಯ ಏಕದಿನ, ಟಿ20 ಪಂದ್ಯಗಳಲ್ಲಿ ಎರಡು ಓವರುಗಳ ನಡುವೆ 60 ಸೆಕೆಂಡಿನ ಸ್ಟಾಪ್ ಕ್ಲಾಕ್ ಕಾಯಂ ಆಗಿದೆ. ಐಪಿಎಲ್‌ನಲ್ಲಿ ಎರಡೂವರೆ ನಿಮಿಷದ ಸ್ಟ್ರ್ಯಾಟಜಿಕ್ ಟೈಮ್‌ಔಟ್ ಪಂದ್ಯಕ್ಕೆ ನಾಲ್ಕು ಬಾರಿ. ನಂಬಿಕೊಳ್ಳಬಹುದಾದ ಬಿಡುವು ಅಷ್ಟೇ.

ಮಳೆ ಬಂದರಂತೂ ರನ್‌ಡೌನ್ ಒಂದಿದ್ದದ್ದು ಮೂರಾಗುತ್ತದೆ. 2024ರ ಮೇ 18ರಂದು ಚಿನ್ನಸ್ವಾಮಿಯಲ್ಲಿ ಚೆನ್ನೈ ವಿರುದ್ಧ ಆರ್‌ಸಿಬಿ 3 ಓವರ್ ಆಡುವಷ್ಟರಲ್ಲಿ ಮಳೆ ಬಂದದ್ದನ್ನು ಮರೆತವರುಂಟೇ? ಆ ರಾತ್ರಿ ಲೆಕ್ಕ ಸೆಕೆಂಡಿನದಲ್ಲ, ಗಡುವುಗಳದ್ದು. ಇಷ್ಟು ಹೊತ್ತಿನವರೆಗೆ ಪೂರ್ತಿ ಆಟ, ಅದು ದಾಟಿದರೆ ಓವರ್ ಕಡಿತ, 5 ಓವರಿನ ಆಟವಾದರೂ 10:56ರೊಳಗೆ ಶುರುವಾಗಬೇಕು. ಒಂದೊಂದು ದಾರಿಗೂ ಬೇರೆ ಬೇರೆ ಸಾಲುಗಳನ್ನು ಸಿದ್ಧಮಾಡಿಟ್ಟುಕೊಳ್ಳಬೇಕು. 2017ರಲ್ಲಿ ಹಾಕಿದ ಸಬ್‌ಏರ್ ವ್ಯವಸ್ಥೆ ನೀರು ಹೀರಿತು, ಒಂದು ಓವರೂ ಹೋಗಲಿಲ್ಲ, ಆರ್‌ಸಿಬಿ 27 ರನ್ನಿನಿಂದ ಗೆದ್ದು ಪ್ಲೇಆಫ್ ಸೇರಿತು. ಹೀಗೆ ಮಳೆ ನಿಂತ ರಾತ್ರಿಗಳಲ್ಲಿ ಬರೆದಿಟ್ಟ ಹಾಳೆಗಳಲ್ಲಿ ಮುಕ್ಕಾಲುಪಾಲು ಕಸದ ಬುಟ್ಟಿಗೆ.

ಗಡುವು ಗೆದ್ದು ಆಟ ಸೋತ ಪ್ರಸಂಗವೂ ಈ ಕಸುಬಿನ ಚರಿತ್ರೆಯಲ್ಲಿದೆ. 1968ರ ನವೆಂಬರ್ 17ರಂದು ಅಮೆರಿಕದ ಎನ್‌ಬಿಸಿ ವಾಹಿನಿ ಜೆಟ್ಸ್ ಮತ್ತು ರೇಡರ್ಸ್ ತಂಡಗಳ ಅಮೆರಿಕನ್ ಫುಟ್‌ಬಾಲ್ ಪಂದ್ಯ ತೋರಿಸುತ್ತಿತ್ತು. ಇನ್ನು 65 ಸೆಕೆಂಡ್ ಇರುವಾಗ ಜೆಟ್ಸ್ 32–29ರಿಂದ ಮುಂದಿತ್ತು. ಗಂಟೆ ಏಳು ಹೊಡೆಯಿತೆಂದು ದೇಶದ ಪೂರ್ವಭಾಗಕ್ಕೆ ಪಂದ್ಯ ನಿಲ್ಲಿಸಿ 'ಹೈಡಿ' ಎಂಬ ಮಕ್ಕಳ ಚಿತ್ರ ಹಾಕಿದರು. ಆ ಒಂದು ನಿಮಿಷದಲ್ಲಿ ರೇಡರ್ಸ್ ಎರಡು ಟಚ್‌ಡೌನ್ ಮಾಡಿ 43–32ರಿಂದ ಗೆದ್ದಿತು. ಪಂದ್ಯ ಮುಂದುವರಿಸಿ ಎಂದು ಹೇಳಲು ಮೇಲಧಿಕಾರಿಗಳೇನೋ ಹೊರಟಿದ್ದರು. ವೀಕ್ಷಕರ ಕರೆಗಳಿಂದ ಫೋನು ಸಿಕ್ಕಲಿಲ್ಲ. ಆಮೇಲೆ ಕಂಟ್ರೋಲ್ ರೂಮಿಗೆಂದೇ ಬೇರೆ ಫೋನ್ ಹಾಕಿಸಿದರು. ಆರನೇ ಎಸೆತ ಬೌಂಡರಿ ತಲುಪುವ ಮೊದಲೇ ಜಾಹೀರಾತು ಬಂದು ಹಲ್ಲು ಕಚ್ಚಿದ ನಮ್ಮ ತಲೆಮಾರಿಗೆ ಆ ಸಿಟ್ಟು ಹೊಸದಲ್ಲ.

ಸಣ್ಣ ಟೂರ್ನಿಗಳಲ್ಲಿ ಈಗ ಅಕ್ಕನ ಕುರ್ಚಿಯೇ ಮಾಯವಾಗುತ್ತಿದೆ. ಪರದೆಯ ಮೇಲೆ ಕೌಂಟ್‌ಡೌನ್ ಓಡುವಾಗ ಎಣಿಸಲು ಇನ್ನೊಬ್ಬರೇಕೆ ಎಂದು ಖರ್ಚು ನೋಡುವವರು ಕೇಳುತ್ತಾರೆ. "ಡೈರೆಕ್ಟರ್ ಕಣ್ಣು ಕ್ಯಾಮೆರಾಗಳ ಮೇಲಿರುತ್ತೆ ಸರ್. ಗಡಿಯಾರ ನೋಡೋಕೆ ಅವರಿಗೆ ಕಣ್ಣು ಉಳಿಯಲ್ಲ, ಕಿವಿ ಉಳಿಯುತ್ತೆ." ಇದಕ್ಕಿಂತ ನೇರ ಉತ್ತರ ನನಗೂ ಹೊಳೆಯದು. 40 ಸೆಕೆಂಡ್ ತಡವಾಗಿದೆ ಎಂದು ತಂತ್ರಾಂಶ ಕೆಂಪಕ್ಷರದಲ್ಲಿ ತೋರಿಸುತ್ತದೆ. ಯಾವುದನ್ನು ಬಿಡಬೇಕು ಎಂಬುದನ್ನು ಅದು ಹೇಳುವುದಿಲ್ಲ.

ಅವರ ರನ್‌ಡೌನಿನ ಕೊನೆಯ ಸಾಲು, ಕೆಲಸ ಮಾಡಿದವರ ಹೆಸರುಗಳು, 20 ಸೆಕೆಂಡ್. ಪಂದ್ಯ ತಡವಾದರೆ ಮೊದಲು ಕತ್ತರಿಸುವುದು ಅದನ್ನೇ, ಕತ್ತರಿಸುವವರೂ ಇವರೇ. ಆ ಸಾಲಿಗೊಂದು ಬೀಗ ಹಾಕಲು ತಂತ್ರಾಂಶದಲ್ಲಿ ಒಂದು ಕ್ಲಿಕ್ ಸಾಕು. ವಾಹಿನಿಯವರು ಅಷ್ಟಾದರೂ ಮಾಡಲಿ.